ಪ್ರಸಾದನದ್ದಕ್ಕಿಂತ ಒಂದು ಸೆಂಟಿಮೀಟರ್ ದೊಡ್ಡದು

ನನಗೆ ಪ್ರಸಾದನ ಮೇಲೆ ಅಸೂಯೆ ಇರಲಿಲ್ಲ. ಇದನ್ನು ಮೊದಲೇ ಸ್ಪಷ್ಟಪಡಿಸುತ್ತೇನೆ. ಅವನು ನಮ್ಮ ಕಂಪೆನಿಯಲ್ಲೇ ಕ್ವಾಲಿಟಿ ಇನ್‌ಸ್ಪೆಕ್ಟರ್. ನಾನು ಸ್ಟೋರ್ ಇನ್‌ಚಾರ್ಜ್. ಅಬುಧಾಬಿಯ ಮುಸಫ್ಫಾದಲ್ಲಿ ಇಬ್ಬರದೂ ಒಂದೇ ಬಿಲ್ಡಿಂಗ್. ನಾವು ಒಂದನೇ ಮಾಳಿಗೆ, ಅವನು ಮೂರನೆಯದು. ಕಾರ್ಕಳ ಕಡೆಯವನು, ನನಗಿಂತ ಎಂಟು ವರ್ಷ ಚಿಕ್ಕವನು. ಕಂಡಲ್ಲೆಲ್ಲ "ವಸಂತಣ್ಣ" ಎಂದು ಕರೆದು ಲಿಫ್ಟಿನ ಬಾಗಿಲು ಹಿಡಿದು ನಿಲ್ಲುವ ಸಜ್ಜನ. ಅಂಥವನ ಮೇಲೆ ಅಸೂಯೆಪಡಬೇಕಾದರೆ ಏನಾದರೂ ಒಂದು ಕಾರಣ ಬೇಕು.

ಕಾರಣವನ್ನು ಅವನೇ ಒದಗಿಸಿದ.

ನಮ್ಮ ಊರಿನವರು ವರ್ಷಕ್ಕೊಮ್ಮೆ ದುಬೈಯ ಊದ್ ಮೇಥಾದಲ್ಲಿ ಒಂದು ಹಾಲ್ ಹಿಡಿದು ಸೇರುತ್ತೇವೆ. ಎಂಟು ವರ್ಷಗಳಿಂದ ಅಲ್ಲಿನ ಅಧಿಕೃತ ಛಾಯಾಗ್ರಾಹಕ ನಾನು. ಯಾರೂ ನೇಮಕ ಮಾಡಿದ್ದಲ್ಲ. ಕುತ್ತಿಗೆಗೆ ದೊಡ್ಡ ಕ್ಯಾಮೆರಾ ನೇತುಹಾಕಿಕೊಂಡವನನ್ನು ಯಾರೂ ಪ್ರಶ್ನಿಸುವುದಿಲ್ಲ. ಒಂದು ಕೂಟಕ್ಕೆ ಏನಿಲ್ಲೆಂದರೂ ಒಂದು ಸಾವಿರ ಫೋಟೋ ತೆಗೆಯುತ್ತಿದ್ದೆ. ಅದರಲ್ಲಿ ಆರುನೂರರಲ್ಲಿ ಜನ ಊಟ ಮಾಡುತ್ತಿರುತ್ತಿದ್ದರು.

ಆ ವರ್ಷ ಪ್ರಸಾದ ಒಂದು ಚೌಕದ ಡಬ್ಬ ತಂದಿದ್ದ. ಹಳೇ ಕಾಲದ ಫಿಲ್ಮ್ ಕ್ಯಾಮೆರಾ. ಮೀಡಿಯಂ ಫಾರ್ಮ್ಯಾಟ್ ಅನ್ನುತ್ತಾರಂತೆ. ಅಗಲದ ಫಿಲ್ಮು, ಒಂದು ರೋಲಿಗೆ ಬರೇ ಹನ್ನೆರಡು ಫೋಟೋ. ಅದನ್ನು ಹೊಟ್ಟೆಯ ಹತ್ತಿರ ಹಿಡಿದು, ಮೇಲಿಂದ ಒಳಗೆ ಇಣುಕಿ ನೋಡಬೇಕು, ಬಾವಿಗೆ ಕೊಡಪಾನ ಬಿತ್ತೋ ಎಂದು ನೋಡಿದ ಹಾಗೆ. ಜನ ನನ್ನನ್ನು ಬಿಟ್ಟು ಅವನ ಮುಂದೆ ಸಾಲು ನಿಂತರು! ಹನ್ನೆರಡು ಫೋಟೋಕ್ಕೆ ನಲವತ್ತು ಜನ! ನಾನು ಉಚಿತವಾಗಿ ಸಾವಿರ ತೆಗೆಯುತ್ತೇನೆಂದರೂ ಒಬ್ಬರೂ ಈ ಕಡೆ ತಿರುಗಲಿಲ್ಲ.

ಅದನ್ನೂ ಸಹಿಸಿದೆ. ಎರಡು ವಾರದ ನಂತರ ಪ್ರಸಾದ ಮೆಟ್ಟಿಲಿಳಿದು ಬಂದು ನನ್ನ ಹೆಂಡತಿ ಸುಮನಾಳ ಕೈಗೆ ಒಂದು ಕಪ್ಪು-ಬಿಳುಪು ಫೋಟೋ ಕೊಟ್ಟ. ಅದರಲ್ಲಿ ಸುಮನಾ ನಗುತ್ತಿದ್ದಳು. ಕಣ್ಣಿನಲ್ಲೂ ನಗುತ್ತಿದ್ದಳು. ಕಿವಿಯ ಬೆಂಡೋಲೆಯ ಹೊಳಪು, ಹಣೆ ಮೇಲಿನ ಒಂದು ಕೂದಲು, ಎಲ್ಲ ಮುಟ್ಟಿದರೆ ಕೈಗೆ ಸಿಗುವ ಹಾಗಿತ್ತು.

ಅವಳು ಬಹಳ ಹೊತ್ತು ಅದನ್ನೇ ನೋಡಿದಳು. ಆಮೇಲೆ ಹೇಳಿದಳು: "ಹದಿನೆಂಟು ವರ್ಷ ಆಯ್ತಲ್ಲ ಮದುವೆಯಾಗಿ. ನೀವು ತೆಗ್ದ ಒಂದು ಫೋಟೋದಲ್ಲಾದ್ರೂ ನಾನು ಹೀಗೆ ಇದ್ದೇನಾ?"

"ನೀನು ನನ್ನ ಫೋಟೋದಲ್ಲಿ ನಗುವುದೇ ಇಲ್ಲವಲ್ಲ!"

"ನೀವು 'ನಗು ನಗು' ಅಂತ ಬೊಬ್ಬೆ ಹಾಕ್ತೀರಿ ಮಾರಾಯ್ರೆ. ಹಾಗೆ ಬೈದ್ರೆ ಯಾರಿಗೆ ನಗು ಬರ್ತದೆ?"

ಹದಿನಾಲ್ಕು ವರ್ಷದ ಮಗಳು ದಿಯಾ ಇಣುಕಿ ನೋಡಿ, "ವಾವ್, ಅಮ್ಮಾ, ಯು ಲುಕ್ ಲೈಕ್ ಎ ಪರ್ಸನ್!" ಎಂದಳು. ಅಂದರೆ ಇಷ್ಟು ವರ್ಷ ನನ್ನ ಫೋಟೋಗಳಲ್ಲಿ ಅವಳಮ್ಮ ಏನಾಗಿದ್ದಳು? ಕೇಳುವ ಧೈರ್ಯವಾಗಲಿಲ್ಲ.

ಮುಂದಿನ ಶನಿವಾರ ನಾನು ದುಬೈಯ ದೇರಾದ ಒಂದು ಗಲ್ಲಿಯಲ್ಲಿದ್ದೆ. ಹಳೇ ಕ್ಯಾಮೆರಾ ಮಾರುವ ಅಂಗಡಿ. ಮಾಲೀಕ ಹಮೀದಾಕ, ಉಳ್ಳಾಲ ಕಡೆಯ ಬ್ಯಾರಿ, ಅರುವತ್ತು ದಾಟಿದ ತಾಳ್ಮೆಯ ಮನುಷ್ಯ. ಪ್ರಸಾದ ಕ್ಯಾಮೆರಾ ತೆಗೆದುಕೊಂಡದ್ದು ಅಲ್ಲೇ ಎಂದು ಮಾತಿನ ನಡುವೆ ಉಪಾಯವಾಗಿ ತಿಳಿದುಕೊಂಡಿದ್ದೆ.

"ನಿಮಗೆ ಎಂಥ ಫೋಟೋ ತೆಗೀಲಿಕ್ಕೆ?" ಎಂದು ಹಮೀದಾಕ ಕೇಳಿದರು.

"ಪ್ರಸಾದ ತೆಗೆಯುವಂಥದ್ದು."

"ಅವರದ್ದು ಆರು-ಆರು. ಆರು ಸೆಂಟಿಮೀಟರ್ ಚೌಕ."

"ಅದಕ್ಕಿಂತ ದೊಡ್ಡದು ಇಲ್ವಾ?"

"ಆರು-ಏಳು ಉಂಟು."

"ಅದಕ್ಕಿಂತ?"

"ಆರು-ಒಂಬತ್ತು ಉಂಟು, ಅದು ರಿಪೇರಿಗೆ ಹೋಗಿದೆ. ಅದಕ್ಕಿಂತಲೂ ದೊಡ್ಡದು ಬೇಕಾದ್ರೆ ನೀವು ಎಕ್ಸ್‌ರೇ ಮೆಷಿನ್ ತಕೊಳ್ಬೇಕು."

ಆರು-ಏಳನ್ನು ಇಳಿಸಿದರು. ಇಳಿಸಿದರು ಅನ್ನುವುದು ಬರೇ ಮಾತಿಗಲ್ಲ, ಎರಡೂ ಕೈಯಲ್ಲಿ ಹಿಡಿದು ಇಳಿಸಿದರು. ಗಾಜಿನ ಕೌಂಟರ್ ಒಮ್ಮೆ ನಡುಗಿತು. ಹಮೀದಾಕ ಸಾಚಾ ಮನುಷ್ಯ, ಮಾರುವ ಮೊದಲು ಅದರ ದೋಷವನ್ನೂ ಹೇಳಿದರು: "ಇದರಲ್ಲಿ ಒಂದು ರೋಲಿಗೆ ಹತ್ತೇ ಫೋಟೋ. ಪ್ರಸಾದರದ್ದರಲ್ಲಿ ಹನ್ನೆರಡು."

"ದೊಡ್ಡ ಕ್ಯಾಮೆರಾಕ್ಕೆ ಕಮ್ಮಿ ಫೋಟೋ?"

"ರೊಟ್ಟಿ ದೊಡ್ಡದು ತಟ್ಟಿದ್ರೆ ಲೆಕ್ಕ ಕಮ್ಮಿ ಆಗ್ತದಲ್ಲ!"

ನಂತರ ಬಿಡಿ ಸಾಮಾನುಗಳ ಸರದಿ. ಹಮೀದಾಕ ಹೇಳಿದ್ದು ಇಷ್ಟೇ: ಬೆಳಕು ಅಳೆಯಲಿಕ್ಕೆ ಒಂದು ಲೈಟ್ ಮೀಟರ್, ಒಳ್ಳೇ ಟ್ರೈಪಾಡ್, ಐದಾರು ರೋಲ್ ಫಿಲ್ಮ್, ಸಾಕು. ಆದರೆ ನನ್ನ ಆಯ್ಕೆಯ ಪದ್ಧತಿ ಬೇರೆಯಾಗಿತ್ತು.

"ಇದೆಂಥದು?"

"ಕೇಬಲ್ ರಿಲೀಸ್. ಕ್ಯಾಮೆರಾ ಮುಟ್ಟದೆ ದೂರದಿಂದ ಒತ್ತಲಿಕ್ಕೆ."

"ಪ್ರಸಾದನ ಹತ್ರ ಉಂಟಾ?"

"ಉಂಟು."

"ಅವನದ್ದು ಎಷ್ಟು ಉದ್ದ?"

"ಒಂದು ಮೊಳ ಇರಬಹುದು."

"ನನಗೆ ಎರಡು ಮೊಳದ್ದು ಕೊಡಿ."

ಲೆನ್ಸಿಗೆ ಬಿಸಿಲು ತಾಗದಂತೆ ಹಾಕುವ ಹುಡ್ ಅವನಲ್ಲಿ ರಬ್ಬರಿನದ್ದು, ನಾನು ಲೋಹದ್ದು ತೆಗೆದುಕೊಂಡೆ. ಅವನಲ್ಲಿ ಹಳದಿ ಫಿಲ್ಟರ್ ಒಂದೇ ಇದೆಯಂತೆ. ನಾನು ಹಳದಿ, ಕಿತ್ತಳೆ, ಕೆಂಪು, ಹಸಿರು ಎಲ್ಲ ತೆಗೆದುಕೊಂಡೆ. "ಕೆಂಪಿನದ್ದು ಮೋಡ ತೆಗೀಲಿಕ್ಕೆ ಒಳ್ಳೇದು," ಎಂದರು ಹಮೀದಾಕ. ಅಬುಧಾಬಿಯಲ್ಲಿ ನಾನು ಮೋಡ ನೋಡಿ ತಿಂಗಳುಗಳಾಗಿದ್ದವು. ಇರಲಿ, ಪ್ರಸಾದನಲ್ಲಿ ಇಲ್ಲವಲ್ಲ!

ಕೊನೆಗೆ ಹಮೀದಾಕ ಕನ್ನಡಕ ಏರಿಸಿಕೊಂಡು, "ಇಲ್ಲಿ ನೋಡಿ ವಸಂತಣ್ಣ, ಇದು ಮುಖ್ಯ. ಫಿಲ್ಮಿನ ಬೆನ್ನಿಗೆ ಒಂದು ಕಾಗದ ಸುತ್ತಿ ಬರ್ತದೆ. ಹಾಕುವಾಗ ಅದರ ಕಪ್ಪು ಮುಖ ಲೆನ್ಸಿನ ಕಡೆಗೆ..." ಎಂದು ವಿವರಿಸತೊಡಗಿದರು. ಅದೇ ಹೊತ್ತಿಗೆ ನಾನು ಎದುರಿನ ಕನ್ನಡಿಯಲ್ಲಿ ಚರ್ಮದ ಪಟ್ಟಿ ಹಾಕಿದ ಕ್ಯಾಮೆರಾ ನನ್ನ ಎದೆಯ ಮೇಲೆ ಹೇಗೆ ಕಾಣುತ್ತದೆಂದು ನೋಡುತ್ತಿದ್ದೆ. ಪ್ರಸಾದನಿಗಿಂತ ಚೆನ್ನಾಗಿ ಕಾಣುತ್ತಿತ್ತು.

"ಗೊತ್ತಾಯ್ತಲ್ಲ?" ಎಂದರು.

"ಗೊತ್ತಾಯ್ತು, ಗೊತ್ತಾಯ್ತು!"

ಮನೆಗೆ ತಂದು ಊಟದ ಮೇಜಿನ ಮೇಲಿಟ್ಟೆ. ವಿಸಿಟ್ ವೀಸಾದಲ್ಲಿ ಊರಿನಿಂದ ಹಪ್ಪಳದ ಕಟ್ಟುಗಳ ಸಮೇತ ಬಂದಿದ್ದ ನನ್ನ ಅತ್ತೆ ಅದನ್ನು ಸುತ್ತಲೂ ನೋಡಿ ಮಗಳಿಗೆ, "ಒಳ್ಳೇದಾಯ್ತು. ನಿನ್ನ ಹಳೇ ಕುಕ್ಕರ್ ಸೀಟಿ ಹಾಕುವುದಿಲ್ಲ ಅಂತಿದ್ದೆಯಲ್ಲ," ಎಂದರು. ದಿಯಾ ಸೂಟ್‌ಕೇಸ್ ತೂಗುವ ಕೊಕ್ಕೆ ತಂದು ಪಟ್ಟಿಗೆ ಸಿಕ್ಕಿಸಿ ಎತ್ತಿದಳು. "ಅಪ್ಪಾ, ಇಟ್ಸ್ ಹೆವಿಯರ್ ದ್ಯಾನ್ ಅಮ್ಮಮ್ಮಾಸ್ ಹಪ್ಪಳ!"

ಸುಮನಾ ಏನೂ ಹೇಳಲಿಲ್ಲ. ಹದಿನೆಂಟು ವರ್ಷದ ಸಂಸಾರದಲ್ಲಿ ನಾನು ಕಲಿತದ್ದೇನೆಂದರೆ, ಹೆಂಡತಿ ಏನೂ ಹೇಳದಿದ್ದರೆ ಅವಳು ಎಲ್ಲವನ್ನೂ ಹೇಳಿ ಮುಗಿಸಿದಳೆಂದು ಅರ್ಥ.

ಅಷ್ಟರಲ್ಲಿ ನನ್ನ ಪ್ರತಿಭಾ ಪ್ರದರ್ಶನಕ್ಕೆ ಸಂದರ್ಭವೂ ಕೂಡಿಬಂತು. ಅತ್ತೆಯ ತಂಗಿ ಶಾರದಾ ಚಿಕ್ಕಮ್ಮ ಅಲ್ ಐನ್‌ನ ಒಂದು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಮೂವತ್ತೊಂದು ವರ್ಷ ನರ್ಸ್. ನಿವೃತ್ತಿಯಾಗಿ, ವೀಸಾ ಕ್ಯಾನ್ಸಲ್ ಮಾಡಿಸಿ, ಎರಡು ವಾರದೊಳಗೆ ಊರಿಗೆ ಹೊರಟಿದ್ದರು. ಇಷ್ಟು ವರ್ಷದಲ್ಲಿ ತವರಿನಿಂದ ಒಬ್ಬರೂ ಅವರಿರುವ ಜಾಗ ನೋಡಲು ಬಂದಿರಲಿಲ್ಲ. ಈಗ ಅಕ್ಕ ಬಂದಿದ್ದರು. ಇಬ್ಬರೂ ಒಟ್ಟಿಗಿರುವ ಫೋಟೋ ಇದ್ದದ್ದು ಒಂದೇ, ಅತ್ತೆಯ ಮದುವೆಯದ್ದು. ಅದರಲ್ಲಿ ಚಿಕ್ಕಮ್ಮ ಯಾರದೋ ಸೀರೆಯ ಹಿಂದೆ ನಿಂತ ಅರ್ಧ ಮುಖದ ಹುಡುಗಿ.

"ಶನಿವಾರ ಎಲ್ಲರೂ ಬನ್ನಿ," ಎಂದು ಚಿಕ್ಕಮ್ಮ ಫೋನಿನಲ್ಲಿ ಹೇಳಿದರು. "ಖರ್ಜೂರದ ತೋಟದಲ್ಲಿ ಊಟ ಮಾಡುವ. ಅಕ್ಕನೊಟ್ಟಿಗೆ ಅಲ್ಲಿ ನಂದೊಂದು ಫೋಟೋ ಬೇಕು. ನಾನು ಇಲ್ಲಿ ಇದ್ದೆ ಅಂತ ಹೇಳ್ಲಿಕ್ಕೆ ಬೇರೆ ಎಂಥ ಉಂಟು ನನ್ನ ಹತ್ರ? ಹಾಂ, ಪ್ರಸಾದನನ್ನೂ ಕರೀರಿ. ಅವನ ಮಗಳು ಹುಟ್ಟಿದ್ದು ನನ್ನ ಕೈಯಲ್ಲೇ."

ಪ್ರಸಾದ! ನನ್ನ ಹೆಂಡತಿಯ ಚಿಕ್ಕಮ್ಮನ ತನಕ ಅವನು ತಲುಪಿಯಾಗಿತ್ತು.

ನಾನು ಕೂಡಲೇ ವಾಟ್ಸ್ಯಾಪ್ ಗುಂಪಿನಲ್ಲಿ ಪ್ರಕಟಣೆ ಹೊರಡಿಸಿದೆ: "ಶನಿವಾರದ ಕಾರ್ಯಕ್ರಮದ ಛಾಯಾಗ್ರಹಣದ ಸಂಪೂರ್ಣ ಹೊಣೆಯನ್ನು ನಾನು ವಹಿಸಿಕೊಂಡಿರುತ್ತೇನೆ. ಇತರರು ಕ್ಯಾಮೆರಾ ತರುವ ಶ್ರಮ ತೆಗೆದುಕೊಳ್ಳಬಾರದಾಗಿ ಸವಿನಯ ವಿನಂತಿ." ಪ್ರಸಾದ ಹೆಬ್ಬೆರಳು ಎತ್ತಿದ ಚಿತ್ರ ಕಳಿಸಿದ. ನನಗೆ ಇನ್ನೂ ಸಿಟ್ಟು ಬಂತು. ಒಂದು ಬೇಸರದ ಮುಖವನ್ನಾದರೂ ಕಳಿಸಬಾರದೇ!

ಆ ವಾರವಿಡೀ ಅಭ್ಯಾಸ ಮಾಡಿದೆ. ಫಿಲ್ಮ್ ಹಾಕದೆ ಒತ್ತುವುದು, ಕ್ಯಾಮೆರಾ 'ಠಪ್' ಎಂದು ಬಾಗಿಲು ಬಡಿದ ಹಾಗೆ ಶಬ್ದ ಮಾಡುವುದು, ಅತ್ತೆ "ಯಾರು ಬಂದದ್ದು?" ಎಂದು ಕೇಳುವುದು. ಫೋಕಸ್, ಮೀಟರ್, ಫಿಲ್ಟರ್ ಎಲ್ಲ ಕೈಗೆ ಹತ್ತಿತು. ಫಿಲ್ಮ್ ಹಾಕುವುದನ್ನು ಮಾತ್ರ ಅಭ್ಯಾಸ ಮಾಡಲಿಲ್ಲ. ಅದರಲ್ಲಿ ಕಲಿಯಲಿಕ್ಕೆ ಏನಿದೆ?

ಅಲ್ ಐನ್‌ನ ಆ ತೋಟದಲ್ಲಿ ಖರ್ಜೂರದ ಮರಗಳ ನೆರಳು ದಟ್ಟವಾಗಿ ಬಿದ್ದಿತ್ತು. ನಡುವೆ ಫಲಜ್ ಎಂದು ಕರೆಯುವ ಕಿರುಕಾಲುವೆಯಲ್ಲಿ ನೀರು ಹರಿಯುತ್ತಿತ್ತು. ಚಿಕ್ಕಮ್ಮ ನೇರಳೆ ಬಣ್ಣದ ರೇಷ್ಮೆ ಸೀರೆ ಉಟ್ಟು, ಅಕ್ಕನ ಕೈ ಹಿಡಿದು ಒಂದೊಂದೇ ಮರ ತೋರಿಸುತ್ತಿದ್ದರು. ನೈಟ್ ಡ್ಯೂಟಿ ಮುಗಿಸಿ ಬೆಳಿಗ್ಗೆ ಇಲ್ಲಿ ಬಂದು ಕೂತು ಊರಿಗೆ ಕಾಗದ ಬರೆಯುತ್ತಿದ್ದೆ ಎಂದರು. ಅತ್ತೆ ಕಾಲುವೆ ಬದಿಯ ಆ ಕಲ್ಲುಕಟ್ಟೆಯನ್ನು ಕೈಯಿಂದ ಸವರಿದರು.

ಅಲ್ಲೇ ಫೋಟೋ ಎಂದು ತೀರ್ಮಾನವಾಯಿತು. ನಾನು ಟ್ರೈಪಾಡ್ ಬಿಡಿಸಿದೆ. ಮೂರು ಕಾಲಿನಲ್ಲಿ ಎರಡು ಮಣ್ಣಿನ ಮೇಲೆ ನಿಂತವು. ಮೂರನೆಯದು ಕಾಲುವೆಯ ಅಂಚಿನ ಮೇಲೆ ನಿಂತಂತೆ ನಟಿಸಿತು. ನಾನು ಮೀಟರ್ ತೆಗೆಯಲು ಚೀಲಕ್ಕೆ ಬಗ್ಗಿದ್ದೇ ತಡ, ಆ ಕಾಲು ಜಾರಿತು, ಕ್ಯಾಮೆರಾ ತಲೆಕೆಳಗಾಗಿ ನೀರಿನ ಕಡೆಗೆ ಹೊರಟಿತು!

ಹಿಡಿದವನು ಪ್ರಸಾದ. ಒಂದು ಕಾಲು ನೀರಿನಲ್ಲಿ, ಶೂ ಸಮೇತ, ಎರಡೂ ಕೈಯಲ್ಲಿ ನನ್ನ ಕ್ಯಾಮೆರಾ, ಎಳೆಮಗುವನ್ನು ಹಿಡಿದ ಹಾಗೆ.

"ಏನೂ ಆಗ್ಲಿಲ್ಲ ಅಣ್ಣ," ಎಂದು ಮೇಲೆ ಬಂದು, ಕ್ಯಾಮೆರಾವನ್ನು ತಿರುಗಿಸಿ ನೋಡಿದ. "ಅಬ್ಬ, ಎಂಥ ಒಳ್ಳೇ ಪೀಸ್! ಫಿಲ್ಮ್ ಹಾಕಿ ಆಗಿದ್ಯಾ? ಇದರಲ್ಲಿ ಸ್ವಲ್ಪ ಗೊಂದಲ ಆಗ್ತದೆ. ನಾನು ಒಮ್ಮೆ ನೋಡ್ಲಾ?"

ಹೂಂ ಎನ್ನಲು ನನಗೆ ಒಂದೇ ಒಂದು ಕ್ಷಣ ಸಾಕಿತ್ತು. ಆದರೆ ಅಷ್ಟು ಜನರ ಮುಂದೆ! ಕ್ಯಾಮೆರಾ ಉಳಿಸಿದ್ದೂ ಅವನು, ಫಿಲ್ಮ್ ಹಾಕಿದ್ದೂ ಅವನು ಎಂದಾದರೆ, ಕೊನೆಗೆ ಉಳಿಯುವುದು ಬರೇ ಗುಂಡಿ ಒತ್ತಿದ ವಸಂತ.

"ಬೇಡ ಬೇಡ, ನನಗೆ ಗೊತ್ತುಂಟು," ಎಂದು ಅವನಿಗೆ ಬೆನ್ನು ತಿರುಗಿಸಿ, ಪರೀಕ್ಷೆಯಲ್ಲಿ ಪಕ್ಕದವನಿಂದ ಉತ್ತರ ಮುಚ್ಚುವ ಹುಡುಗನ ಹಾಗೆ, ಮರದ ಹಿಂದೆ ಹೋಗಿ ಫಿಲ್ಮ್ ಹಾಕಿದೆ. ಕಾಗದಕ್ಕೆ ಒಂದು ಕಡೆ ಕಪ್ಪು, ಒಂದು ಕಡೆ ಬಣ್ಣ. ಚಂದ ಇರುವ ಮುಖ ಮುಂದೆ ಇರುವುದು ಲೋಕದ ನಿಯಮ. ಬಣ್ಣದ ಮುಖವನ್ನು ಲೆನ್ಸಿನ ಕಡೆ ಮಾಡಿ ಮುಚ್ಚಿದೆ.

ದಿಯಾ ಫೋನ್ ಎತ್ತಿದ್ದಳು. ನಾನು ಕೈ ಎತ್ತಿ ಕಟ್ಟಪ್ಪಣೆ ಮಾಡಿದೆ: "ಫೋನ್ ಎಲ್ಲ ಒಳಗೆ! ಫಿಲ್ಮ್ ಅಂದ್ರೆ ಏಕಾಗ್ರತೆ. ಎಲ್ಲರೂ ಬೇರೆ ಬೇರೆ ಕಡೆ ನೋಡಿದ್ರೆ ಆಗುವುದಿಲ್ಲ."

"ಅಪ್ಪಾ, ಜಸ್ಟ್ ಒನ್..."

"ಖಲಾಸ್!"

ಚಿಕ್ಕಮ್ಮನ ಆಸ್ಪತ್ರೆಯ ಗೆಳತಿಯರೂ ಸೇರಿ ಹದಿನಾಲ್ಕು ಜನ ಹದಿನಾಲ್ಕು ಫೋನುಗಳನ್ನು ಜೇಬಿಗೆ, ಬ್ಯಾಗಿಗೆ ಇಳಿಸಿದರು. ಅಕ್ಕ-ತಂಗಿ ಕಟ್ಟೆಯ ಮೇಲೆ ಕೂತರು. ಚಿಕ್ಕಮ್ಮ ಅಕ್ಕನ ಸೆರಗು ಸರಿಮಾಡಿದರು. ಅತ್ತೆ, "ಸಾಕೇ ಶಾರದೆ, ನಾನೇನು ಮದುಮಗಳಾ?" ಎಂದು ಗದರಿದರು. ಗದರಿದವರು ತಂಗಿಯ ಕೈ ಬಿಡಲಿಲ್ಲ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ನಾನು ಎರಡು ಮೊಳದ ಕೇಬಲ್ ಒತ್ತಿದೆ. ಠಪ್!

ಹತ್ತು. ಇನ್ನೊಂದು ರೋಲ್, ಹತ್ತು. ಮತ್ತೊಂದು, ಹತ್ತು. ಒಟ್ಟು ಮೂವತ್ತು ಫೋಟೋ. ವಾಪಸ್ ಬರುವಾಗ ದಾರಿಯುದ್ದಕ್ಕೂ ಮನಸ್ಸಿನಲ್ಲೇ ಆ ಫೋಟೋಗಳನ್ನು ಪ್ರಸಾದನಿಗೆ ತೋರಿಸಿದೆ. ಒಂದೊಂದಕ್ಕೂ ಅವನ ಮುಖ ಬಾಡುತ್ತಾ ಹೋಯಿತು. ಸುಖದ ಪ್ರಯಾಣ.

ಫಿಲ್ಮುಗಳನ್ನು ತೊಳೆಯಲು ಹಮೀದಾಕನಿಗೇ ಕೊಟ್ಟಿದ್ದೆ. ಮಂಗಳವಾರ ಸ್ಟೋರಿನಲ್ಲಿ ಬೋಲ್ಟ್ ಎಣಿಸುತ್ತಿದ್ದಾಗ ಅವರ ಫೋನ್ ಬಂತು.

"ವಸಂತಣ್ಣ, ನಿಮ್ಮ ಫಿಲ್ಮ್ ತೊಳೆದಾಯ್ತು. ತುಂಬಾ ಕ್ಲೀನ್ ಉಂಟು."

ನನ್ನ ಎದೆ ಉಬ್ಬಿತು. "ಶಾರ್ಪ್ ಆಗಿ ಬಂದಿದೆಯಾ?"

"ಕ್ಲೀನ್ ಅಂದ್ರೆ ಕ್ಲೀನ್. ಎಂಥದೂ ಇಲ್ಲ. ಮೂರೂ ರೋಲ್ ಕಿಟಕಿಯ ಗಾಜಿನ ಹಾಗೆ ಉಂಟು." ಆಮೇಲೆ ಬಹಳ ಮೃದುವಾಗಿ ಹೇಳಿದರು: "ನೀವು ಫಿಲ್ಮನ್ನು ಉಲ್ಟಾ ಹಾಕಿದ್ದೀರಿ. ಬೆಳಕು ಬಿದ್ದದ್ದು ಹಿಂದಿನ ಕಾಗದಕ್ಕೆ. ಮೂವತ್ತು ಫೋಟೋ ಕಾಗದಕ್ಕೆ ತೆಗೆದ್ರಿ."

ಬೋಲ್ಟಿನ ಲೆಕ್ಕ ಅಲ್ಲಿಗೇ ತಪ್ಪಿತು. ಆ ನಗು, ಆ ಸೆರಗು, ಆ ಕೈ. ಇಡೀ ಲೋಕದಲ್ಲಿ ಅದರ ಒಂದು ಪ್ರತಿಯೂ ಇರಲಿಲ್ಲ. ಇರದ ಹಾಗೆ ನೋಡಿಕೊಂಡದ್ದು ನಾನೇ, ಖುದ್ದಾಗಿ, ಕೈ ಎತ್ತಿ.

ಸಂಜೆ ಮನೆಗೆ ಬರುವಷ್ಟರಲ್ಲಿ ಒಂದು ಸುಳ್ಳನ್ನು ಸಿದ್ಧಪಡಿಸಿದ್ದೆ. "ಸುಮನಾ, ಲ್ಯಾಬ್‌ನಲ್ಲಿ ಅದೇನೋ ಕೆಮಿಕಲ್..."

ಅವಳು ಚಪಾತಿ ಲಟ್ಟಿಸುವುದನ್ನು ನಿಲ್ಲಿಸಿದಳು. "ಲ್ಯಾಬ್‌ನವರು ಹಾಳು ಮಾಡಿದ್ರಾ, ನೀವು ಹಾಳು ಮಾಡಿದ್ರಾ?"

"ನಾನು."

"ಎಲ್ಲವೂ?"

"ಎಲ್ಲವೂ."

ಬೈಯುತ್ತಾಳೆಂದುಕೊಂಡೆ. ಅವಳು ಲಟ್ಟಣಿಗೆ ಕೆಳಗಿಟ್ಟಳು. ಕಣ್ಣು ಒದ್ದೆಯಾಗಿತ್ತು. "ಅಮ್ಮ ದಿನಾ ಕೇಳ್ತಿದ್ದಾರೆ, ಫೋಟೋ ಬಂತಾ ಫೋಟೋ ಬಂತಾ ಅಂತ," ಎಂದಳಷ್ಟೆ. ಅದಕ್ಕಿಂತ ನಾಲ್ಕು ಮಾತು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಚಿಕ್ಕಮ್ಮನಿಗೆ ನಾನೇ ಫೋನ್ ಮಾಡಿದೆ. ತೊದಲುತ್ತಾ ಎಲ್ಲ ಒಪ್ಪಿಕೊಂಡೆ. ಅವರು ಆಚೆಯಿಂದ ನಕ್ಕರು. "ಇಷ್ಟಕ್ಕೆ ಅಳುವುದಾ ಅಳಿಯಂದ್ರೆ? ಹೆರಿಗೆ ವಾರ್ಡಿನಲ್ಲಿ ಮೂವತ್ತೊಂದು ವರ್ಷ ಇದ್ದವಳು ನಾನು. ಏನೂ ಮಾಡ್ಲಿಕ್ಕಿಲ್ಲದ ಜಾಗದಲ್ಲಿ ಗಂಡಸರು ಗಡಿಬಿಡಿ ಮಾಡಿ ಬೀಳುವುದನ್ನು ಎಷ್ಟು ನೋಡಿಲ್ಲ! ನನ್ನ ಫ್ಲೈಟ್ ಶುಕ್ರವಾರ ಸಂಜೆ. ಬೆಳಿಗ್ಗೆ ಬನ್ನಿ, ಇನ್ನೊಮ್ಮೆ ತೆಗೆಯುವ. ಆದರೆ ಈ ಸಲ..." ಎಂದು ಮಾತು ನಿಲ್ಲಿಸಿದರು. ತುಂಬಾ ಸಂಭಾವಿತೆ. ವಾಕ್ಯವನ್ನು ನಾನೇ ಪೂರ್ತಿ ಮಾಡಿಕೊಂಡೆ.

ಮೂರನೇ ಮಾಳಿಗೆಗೆ ಮೆಟ್ಟಿಲು ಹತ್ತಿ ಹೋದೆ. ಲಿಫ್ಟ್ ಇತ್ತು, ಆದರೆ ಬೇಗ ತಲುಪುವ ಆಸೆ ಇರಲಿಲ್ಲ. ಪ್ರಸಾದ ಬಾಗಿಲು ತೆಗೆದ. ಆದದ್ದನ್ನೂ, ಶುಕ್ರವಾರ ಅವನೇ ಬಂದು ಫೋಟೋ ತೆಗೆಯಬೇಕೆಂಬುದನ್ನೂ ಹೇಳಿದೆ. ಅವನು ನಗಲಿಲ್ಲ. ನಕ್ಕಿದ್ದರೆ ಅವನನ್ನು ದ್ವೇಷಿಸಬಹುದಿತ್ತು. ಆ ಅನುಕೂಲವನ್ನೂ ಅವನು ಮಾಡಿಕೊಡಲಿಲ್ಲ.

"ಅಯ್ಯೋ, ಇದಕ್ಕೆಲ್ಲ ಬೇಜಾರು ಮಾಡ್ತಾರಾ? ನಾನು ಶುರುವಿನಲ್ಲಿ ನಾಲ್ಕು ರೋಲ್ ಹೀಗೇ ಹಾಳು ಮಾಡಿದ್ದೆ ಅಣ್ಣ!"

ನಾಲ್ಕು! ನನ್ನದು ಮೂರೇ. ಅದರಲ್ಲೂ ಅವನೇ ಮುಂದೆ!

ಶುಕ್ರವಾರ ಬೆಳಿಗ್ಗೆ ನಾನೂ ಪ್ರಸಾದನೂ ರಜೆ ಹಾಕಿ ಎಲ್ಲರನ್ನೂ ಕರೆದುಕೊಂಡು ಅಲ್ ಐನ್‌ಗೆ ಹೋದೆವು. ಚಿಕ್ಕಮ್ಮ ಟೇಪ್ ಸುತ್ತಿ ತೂಕ ಮಾಡಿಟ್ಟಿದ್ದ ಸೂಟ್‌ಕೇಸನ್ನು ಬಿಚ್ಚಿ, ಅಡಿಯಿಂದ ಅದೇ ನೇರಳೆ ಸೀರೆ ಎಳೆದು ಉಟ್ಟಿದ್ದರು. ಮಡಿಕೆಯ ಗೆರೆಗಳು ಹಾಗೇ ಇದ್ದವು. ಅಕ್ಕ-ತಂಗಿ ಕಟ್ಟೆಯ ಮೇಲೆ ಕೂತರು. ಪ್ರಸಾದ ಡಬ್ಬದೊಳಗೆ ಇಣುಕಿದ. ನನ್ನ ಕೆಲಸ, ಮನೆಯಿಂದ ತಂದ ಬಿಳಿ ಬೆಡ್‌ಶೀಟನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದು ಅವರ ಮುಖಕ್ಕೆ ಬೆಳಕು ಹಾಯಿಸುವುದು. ದೂರದಲ್ಲಿ ನಡೆದುಹೋಗುತ್ತಿದ್ದ ಒಂದು ಕುಟುಂಬ ನಾನು ಬಟ್ಟೆ ಒಣಗಿಸುತ್ತಿದ್ದೇನೆಂದು ತಿಳಿದು ಕನಿಕರದಿಂದ ನೋಡಿತು.

ಪ್ರಸಾದ ಅವರಿಗೆ 'ನಗಿ' ಅನ್ನಲಿಲ್ಲ. "ಚಿಕ್ಕಮ್ಮ, ಅಕ್ಕನಿಗೆ ಬರೆದ ಕಾಗದದಲ್ಲಿ ನೀವು ಹೇಳಿದ ದೊಡ್ಡ ಸುಳ್ಳು ಯಾವುದು?" ಎಂದು ಕೇಳಿದ.

ಚಿಕ್ಕಮ್ಮ ಅಕ್ಕನ ಕಡೆ ತಿರುಗಿದರು. "ಇಲ್ಲಿ ನನಗೆ ಬೇಜಾರೇ ಆಗುವುದಿಲ್ಲ ಅಂತ ಬರೀತಿದ್ದೆ."

"ನನಗೆ ಗೊತ್ತಿತ್ತು," ಎಂದರು ಅತ್ತೆ. "ಅದಕ್ಕೇ ಅಲ್ವಾ ಪ್ರತಿ ಕಾಗದಕ್ಕೂ ಬೈದು ಉತ್ತರ ಹಾಕ್ತಿದ್ದದ್ದು?"

ಇಬ್ಬರೂ ಕಣ್ಣೊರೆಸಿಕೊಂಡು ನಕ್ಕರು. ಕ್ಯಾಮೆರಾ ಮೆಲ್ಲಗೆ ಸದ್ದು ಮಾಡಿತು. ನನ್ನದರ ಹಾಗೆ ಬಾಗಿಲು ಬಡಿಯಲಿಲ್ಲ. ಈ ಸಲ ದಿಯಾ ಫೋನಿನಲ್ಲೂ ತೆಗೆದಳು. ನಾನು ಬಾಯಿ ತೆರೆಯಲಿಲ್ಲ.

ಕೊನೆಯಲ್ಲಿ ಒಂದು ಫ್ರೇಮ್ ಉಳಿದಿತ್ತು. "ವಸಂತಣ್ಣ, ಶೀಟ್ ಬಿಡಿ, ನೀವೂ ಹೋಗಿ ನಿಲ್ಲಿ," ಎಂದ ಪ್ರಸಾದ. ಎಂಟು ವರ್ಷದಲ್ಲಿ ಮೊದಲ ಸಲ ನಾನು ಕ್ಯಾಮೆರಾದ ಮುಂದೆ ನಿಂತೆ. ಎದುರಿಗೆ ಆ ಚೌಕದ ಡಬ್ಬ; ಅದನ್ನು ಹಿಡಿದ ಅವನ ನಿಶ್ಚಿಂತೆಯ ಕೈ. ನಗಲು ಪ್ರಾಮಾಣಿಕವಾಗಿ ಪ್ರಯತ್ನಿಸಿದೆ.

ಚಿಕ್ಕಮ್ಮ ಊರು ತಲುಪಿ ಹತ್ತು ದಿನದ ಮೇಲೆ ಪ್ರಿಂಟುಗಳು ಬಂದವು. ಅಕ್ಕ-ತಂಗಿಯ ಫೋಟೋವನ್ನು ಅತ್ತೆ ತೊಡೆಯ ಮೇಲೆ ಇಟ್ಟುಕೊಂಡು ತಂಗಿಯ ಮುಖವನ್ನು ಬಗ್ಗಿ ನೋಡಿದರು. ಆಮೇಲೆ ಕನ್ನಡಕ ಒರೆಸಿ, ಎಲ್ಲರೂ ಇದ್ದ ಎರಡನೆಯದನ್ನು ಕಿಟಕಿಯ ಬೆಳಕಿಗೆ ಹಿಡಿದರು. ಅಬ್ಬಾ, ಏನು ಸ್ಪಷ್ಟತೆ! ಮನುಷ್ಯನ ಮನಸ್ಸಿನಲ್ಲಿ ಇರುವುದೆಲ್ಲ ಹುಬ್ಬು, ತುಟಿ, ಗಲ್ಲದ ಮೇಲೆ ಎಣಿಸುವ ಹಾಗೆ ಬಂದಿತ್ತು.

"ಎಲ್ಲರೂ ಚಂದ ಬಂದಿದ್ದಾರೆ," ಎಂದ ಅತ್ತೆ, ನನ್ನ ಮುಖದ ಮೇಲೆ ಬೆರಳಿಟ್ಟು ಮಗಳನ್ನು ಕೇಳಿದರು: "ಆ ದಿನ ಅಳಿಯಂದ್ರಿಗೆ ಹೊಟ್ಟೆ ಸರಿ ಇರ್ಲಿಲ್ವಾ?"

ಸುಮನಾ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಓಡಿದಳು. ಅತ್ತೆ ಅವಳ ಹಿಂದೆಯೇ ಹೋಗಿ ಒಂದು ಲೋಟ ಓಮದ ನೀರು ಕುದಿಸಿ ತಂದು ನನ್ನ ಮುಂದೆ ಇಟ್ಟರು.

ಕುಡಿದೆ. ಪೂರ್ತಿ ಲೋಟ. ಅಷ್ಟು ಪ್ರೀತಿಯಿಂದ ಕೊಟ್ಟಾಗ, ರೋಗ ಅದಲ್ಲ ಎಂದು ಹೇಳುವುದು ಹೇಗೆ?